ಅಂದುಕೊಂಡಷ್ಟು ಆಗದಿದ್ದಾಗ: ಓದುಗರ ಪ್ರಶ್ನೆ, ಟೀಚರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತು ಹೇಳುತ್ತಿವೆ. ಗುರಿ ಇಟ್ಟುಕೊಂಡೆ, ಅಷ್ಟು ಆಗಲಿಲ್ಲ, ಈಗ ಕೆಲಸಕ್ಕೆ ಕೂರಲು ಮನಸ್ಸೇ ಬರುವುದಿಲ್ಲ. ನಾಲ್ಕು ಪತ್ರ ಆರಿಸಿದ್ದೇನೆ. ಮೊದಲನೆಯದಕ್ಕೆ ಜಾಗ ಜಾಸ್ತಿ ಹೋಗಿದೆ. ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಎಷ್ಟೋ ಕನ್ನಡದ ಮನೆಗಳಲ್ಲಿ ಈ ಮಾತು ದಿನಾ ನಡೆಯುತ್ತಿದೆ. ಅದಕ್ಕೆ ಎರಡು ಸಾಲಿನ ಉತ್ತರ ಕೊಟ್ಟು ಮುಗಿಸಲು ನನಗೆ ಮನಸ್ಸಾಗಲಿಲ್ಲ.

ಪ್ರಶ್ನೆ: ಟೀಚರ್, ನಮಸ್ಕಾರ. ನನಗೆ 28 ವರ್ಷ. ಬದಿಯಡ್ಕದ ಹತ್ತಿರ ಮನೆ. ಹತ್ತರವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಗ್ರಿ, ಬಿ.ಎಡ್., ಎರಡನೇ ಸಲಕ್ಕೆ ಕೆ-ಟೆಟ್ (ಕೇರಳದ ಟೀಚರ್ ಅರ್ಹತಾ ಪರೀಕ್ಷೆ) ಪಾಸು. ಕನ್ನಡ ಮಾಧ್ಯಮದ ಯು.ಪಿ. (ಅಪ್ಪರ್ ಪ್ರೈಮರಿ) ಟೀಚರ್ ಆಗಬೇಕು, 27ರ ಒಳಗೆ ಪಿಎಸ್‌ಸಿಯ ಅಡ್ವೈಸ್ ಮೆಮೋ (ಸರ್ಕಾರಿ ಕೆಲಸಕ್ಕೆ ಆಯ್ಕೆ ಮಾಡುವ ಕೇರಳ ಲೋಕಸೇವಾ ಆಯೋಗ ಕೊಡುವ ನೇಮಕದ ಶಿಫಾರಸು ಪತ್ರ) ಕೈಯಲ್ಲಿರಬೇಕು ಅಂತ ಡೈರಿಯಲ್ಲಿ ಬರೆದಿಟ್ಟಿದ್ದೆ. ರ‍್ಯಾಂಕ್ ಲಿಸ್ಟಿನಲ್ಲಿ ಹೆಸರು ಬಂತು. ಆದರೆ ತುಂಬಾ ಕೆಳಗೆ. ನನ್ನವರೆಗೆ ಬರುವ ಮೊದಲೇ ಲಿಸ್ಟಿನ ಅವಧಿ ಮುಗಿಯಿತು. ಈಗ ಒಂದು ಶಾಲೆಯಲ್ಲಿ ದಿನಗೂಲಿ ಟೀಚರ್. ಇನ್ನೊಂದು ಪರೀಕ್ಷೆಗೆ ಓದೋಣ ಅಂತ ಗೈಡ್ ತೆರೆದರೆ ಅದೇ ಪುಟ, ನಾನೇ ಗೆರೆ ಎಳೆದ ಅದೇ ಸಾಲು. ಮುಚ್ಚಿಡುತ್ತೇನೆ. ಮನೆಗೆ ಬಂದವರೆಲ್ಲ ನೀರಿಗಾಗಿ ಗುಡ್ಡದಲ್ಲಿ ಸುರಂಗ ತೋಡಿದ ಅಮೈ ಮಹಾಲಿಂಗ ನಾಯ್ಕರ ಕತೆ ಹೇಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ನನ್ನಲ್ಲಿ ಛಲ ಇಲ್ಲ ಅಂತ ಅವರು ಹೇಳುತ್ತಿರುವುದು ಅಲ್ವಾ?
— ಹೆಸರು ಬೇಡ

ಉತ್ತರ: ಮಗಳೇ, ನೀನು ಅಂತಲೇ ಮಾತಾಡುತ್ತೇನೆ. ನಾನು ಗಣಿತ ಕಲಿಸಿದ ಮಕ್ಕಳ ವಯಸ್ಸು ನಿನ್ನದು.

ಛಲದ ಮಾತು ಮೊದಲು ಮುಗಿಸೋಣ. ಕನ್ನಡದಲ್ಲಿ ಓದಿ ಬೆಳೆದು, ಮಲಯಾಳದ ಗೈಡ್ ಮುಂದಿಟ್ಟುಕೊಂಡು, ಕೇರಳ ಪಿಎಸ್‌ಸಿಯ ಲಿಸ್ಟಿನಲ್ಲಿ ಹೆಸರು ಬರುವಂತೆ ಮಾಡಿದವಳು ನೀನು. ಕೆ-ಟೆಟ್ ಒಮ್ಮೆ ಹೋದರೂ ಮತ್ತೆ ಕೂತು ಬರೆದವಳು. 150 ಪ್ರಶ್ನೆಯ ಆ ಪರೀಕ್ಷೆ ಎಷ್ಟು ಜನರನ್ನು ಅಲ್ಲೇ ನಿಲ್ಲಿಸುತ್ತದೆ ಅಂತ ನನಗೆ ಗೊತ್ತು. ನಿನ್ನಲ್ಲಿ ಛಲ ಇದೆ. ಈಗ ದಣಿವೂ ಇದೆ. ದಣಿದವಳಿಗೆ ಛಲ ಸಾಲದು ಅಂದರೆ ಅವಳು ಇನ್ನಷ್ಟು ಕುಗ್ಗುತ್ತಾಳೆ, ಅಷ್ಟೆ.

ಇನ್ನು ಡೈರಿಯ ಸಾಲಿಗೆ ಬರೋಣ. '27ರ ಒಳಗೆ ಅಡ್ವೈಸ್ ಮೆಮೋ.' ನೋಡಲು ಒಂದೇ ಗುರಿ. ಒಳಗೆ ಎರಡಿವೆ. ಒಂದು ನಿನ್ನ ಅಂಕ. ಇನ್ನೊಂದು ಖಾಲಿ ಹುದ್ದೆ. ಹುದ್ದೆಯ ಲೆಕ್ಕ ಹೇಗೆ ನಡೆಯುತ್ತದೆ ಅಂತ ಶಾಲೆಯಲ್ಲಿರುವ ನಿನಗೆ ನಾನು ಹೇಳಬೇಕಾಗಿಲ್ಲ. ಆದರೆ ಮನೆಗೆ ಬಂದು ಉಪದೇಶ ಮಾಡುವವರಿಗೆ ಗೊತ್ತಿರುವುದಿಲ್ಲ, ಅವರಿಗಾಗಿ ಬರೆಯುತ್ತೇನೆ. ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಎಣಿಕೆಯ ಮೇಲೆ ಡಿವಿಷನ್, ಅಂದರೆ ತರಗತಿಯ ವಿಭಾಗ, ಎಷ್ಟು ಅಂತ ತೀರ್ಮಾನ. ಡಿವಿಷನ್ ಮೇಲೆ ಟೀಚರ್ ಎಷ್ಟು ಅಂತ ತೀರ್ಮಾನ. ಒಂದು ಶಾಲೆಯಲ್ಲಿ ಕನ್ನಡ ಡಿವಿಷನ್ ಬಿದ್ದರೆ ಅಲ್ಲಿಯ ಟೀಚರಿಗೆ ಬೇರೆ ಕಡೆ ಜಾಗ ಕೊಡಬೇಕು. ಹಾಗೆ ತುಂಬಿದ ಜಾಗ ಪಿಎಸ್‌ಸಿಗೆ ವೇಕೆನ್ಸಿ ಅಂತ ಹೋಗುವುದೇ ಇಲ್ಲ. ಲಿಸ್ಟ್ ಜೀವಂತ ಇರುವುದು ಹೆಚ್ಚೆಂದರೆ 3 ವರ್ಷ. ಆ 3 ವರ್ಷದಲ್ಲಿ ಕನ್ನಡ ಮಾಧ್ಯಮಕ್ಕೆ ಎಷ್ಟು ಮಕ್ಕಳು ಸೇರಿದರು, ಎಷ್ಟು ಟೀಚರ್‌ಗಳು ನಿವೃತ್ತರಾದರು, ಇದೆಲ್ಲ ಸೇರಿ ನಿನ್ನ ಮೆಮೋ. ಇದರಲ್ಲಿ ನೀನು ರಾತ್ರಿ ನಿದ್ದೆಗೆಟ್ಟು ಓದಿದರೆ ಬದಲಾಗುವುದು ಎಷ್ಟು? ನಿನ್ನ ಅಂಕ ಮಾತ್ರ. ಗುರಿ ತಪ್ಪಿದ್ದಕ್ಕೆ ನೀನು ಎರಡರ ದೂರನ್ನೂ ತಲೆಯ ಮೇಲೆ ಹೊತ್ತುಕೊಂಡಿದ್ದೀಯ.

27 ಎಂಬ ಸಂಖ್ಯೆಯ ಬಗ್ಗೆಯೂ ಯೋಚಿಸು. ಅದನ್ನು ಬರೆದದ್ದು ಪಿಎಸ್‌ಸಿ ಪರೀಕ್ಷೆ ಒಮ್ಮೆಯೂ ಬರೆಯದ ಹುಡುಗಿ. ಪ್ರಶ್ನೆಪತ್ರಿಕೆ ಹೇಗಿರುತ್ತದೆ, ಲಿಸ್ಟ್ ಎಷ್ಟು ನಿಧಾನ ಸರಿಯುತ್ತದೆ, ಅವಳಿಗೆ ಗೊತ್ತಿರಲಿಲ್ಲ. ಅದು ಅಂದಾಜು. ನಿನ್ನ ಬಿ.ಎಡ್. ಸೈಕಾಲಜಿ ಜತೆಗೆ ಇದನ್ನೂ ಓದಿಕೊ: ಕೆನಡಾದ ಮನಶ್ಶಾಸ್ತ್ರಜ್ಞರು ಪ್ರಬಂಧ ಬರೆಯುತ್ತಿದ್ದ ಡಿಗ್ರಿ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಅಂತ ಕೇಳಿದರು. ಅವರ ಅಂದಾಜು ಸರಾಸರಿ 34 ದಿನ. ನಿಜಕ್ಕೂ ಹಿಡಿದದ್ದು ಸುಮಾರು 55 ದಿನ. 1994ರಲ್ಲಿ ಪ್ರಕಟವಾದ ಅಧ್ಯಯನ ಇದು. ಆ ವಿದ್ಯಾರ್ಥಿಗಳು ಸೋಮಾರಿಗಳಲ್ಲ. ಕೆಲಸಕ್ಕೆ ಇಳಿಯುವ ಮೊದಲು ಹಾಕುವ ಲೆಕ್ಕ ಹಾಗೇ ಇರುತ್ತದೆ. ಅಂದಾಜು ತಪ್ಪಿದರೆ ಅಂದಾಜನ್ನು ತಿದ್ದಬೇಕು. ನೀನು ನಿನ್ನನ್ನೇ ತಿದ್ದಿ ಅಳಿಸಲು ಹೊರಟಿದ್ದೀಯ.

ಈಗ ಆ ಸುರಂಗದ ಕತೆ. ನಿನಗೆ ಕೇಳಿ ಸಾಕಾಗಿರುವುದು ಸಹಜ, ಯಾಕೆಂದರೆ ಜನ ಅರ್ಧ ಮಾತ್ರ ಹೇಳುತ್ತಾರೆ. ಗಡಿಯ ಆಚೆ ಅಡ್ಯನಡ್ಕದ ಹತ್ತಿರದವರು ಮಹಾಲಿಂಗ ನಾಯ್ಕರು. ಹಗಲು ಬೇರೆಯವರ ತೋಟದಲ್ಲಿ ಕೆಲಸ, ಅದು ಮುಗಿದ ಮೇಲೆ ತನ್ನ ಒಣಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿದವರು. ಒಂದಾದ ಮೇಲೊಂದು ಸುರಂಗದಲ್ಲಿ ನೀರು ಸಿಗಲಿಲ್ಲ. ಕೊನೆಗೆ ಸಿಕ್ಕಿತು, ಗುಡ್ಡ ಅಡಿಕೆ ತೋಟವಾಯಿತು, 2022ರಲ್ಲಿ ಪದ್ಮಶ್ರೀ ಬಂತು. ಹೇಳುವವರು 'ನೋಡು, ಬಿಡಲಿಲ್ಲ' ಅಂತ ಹೇಳಿ ಎದ್ದು ಹೋಗುತ್ತಾರೆ. ಬಿಟ್ಟರು, ಮಗಳೇ. ಅದೇ ಕತೆಯ ಇನ್ನರ್ಧ. ನೀರಿಲ್ಲ ಅಂತ ಕಂಡ ಸುರಂಗವನ್ನು ಅವರು ಬಿಟ್ಟರು. ಬಿಟ್ಟು ಇನ್ನೊಂದು ಕಡೆ ಶುರು ಮಾಡಿದರು. ಒಂದೇ ಒಣ ಸುರಂಗವನ್ನು ಹಟ ಹಿಡಿದು ಕೊರೆಯುತ್ತಾ ಹೋಗಿದ್ದರೆ ಅವರಿಗೆ ನೀರೂ ಸಿಗುತ್ತಿರಲಿಲ್ಲ, ತೋಟವೂ ಆಗುತ್ತಿರಲಿಲ್ಲ.

ನಮ್ಮ ಮನೆಯ ಹಿಂದಿನ ಗುಡ್ಡದಲ್ಲೂ ಸುರಂಗ ಉಂಟು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ತೋಡಿಸಿದ್ದು. ಶಾಲೆ ಬಿಟ್ಟು ಬಂದು ಸಂಜೆ ಅಲ್ಲಿಗೆ ಹೋಗಿ ನಿಲ್ಲುವುದು ನನಗೆ ಅಭ್ಯಾಸವಾಗಿತ್ತು. ಒಬ್ಬರು ಹೋದರೆ ಇನ್ನೊಬ್ಬರು ದಾಟಲು ಆಗದಷ್ಟು ಸಪೂರ. ಒಳಗೆ ಮೇಣದಬತ್ತಿ ಉರಿಯುತ್ತಿರಬೇಕು. ಬೆಳಕು ಮಂಕಾದರೆ ಗಾಳಿ ಸಾಲದು ಅಂತ ಲೆಕ್ಕ, ಕೂಡಲೇ ಹೊರಗೆ ಬರಬೇಕು. ಪಿಕ್ಕಾಸಿನಿಂದ ಮುರಕಲ್ಲು ಕಡಿಯುವುದು, ಮಣ್ಣು ಬುಟ್ಟಿಗೆ ತುಂಬಿ ಹಿಂದಕ್ಕೆ ಎಳೆದು ತರುವುದು. ಸಂಜೆ ಕೆಲಸ ನಿಲ್ಲಿಸುವ ಮೊದಲು ತೋಡುವ ಅಣ್ಣ ಒಂದು ಕೆಲಸ ತಪ್ಪದೆ ಮಾಡುತ್ತಿದ್ದರು. ಅಂಗೈಯನ್ನು ಎದುರಿನ ಗೋಡೆಗೆ ಒತ್ತಿ ಸ್ವಲ್ಪ ಹೊತ್ತು ಹಾಗೇ ಹಿಡಿಯುವುದು. ಆಮೇಲೆ ಎಡಕ್ಕೆ, ಆಮೇಲೆ ಬಲಕ್ಕೆ. ಹೊರಗೆ ನಿಂತ ನಮ್ಮ ಮಾವ, 'ಇವತ್ತು ಎಷ್ಟು ಕೋಲು ಆಯಿತು?' ಅಂತ ಕೇಳುತ್ತಿದ್ದರು. ಕೋಲು ಅಂದರೆ ತೋಡಿದ ಉದ್ದದ ಅಳತೆ. ಕೂಲಿ ಕೊಡುವುದು ಕೋಲಿನ ಲೆಕ್ಕದಲ್ಲಿ ಅಲ್ವಾ, ಅವರಿಗೆ ಅದು ಬೇಕು. ಒಳಗಿನಿಂದ ಉತ್ತರ ಬರುತ್ತಿತ್ತು: 'ಎಡಗಡೆ ಪಸೆ ಉಂಟು.' ಮರುದಿನ ಸುರಂಗ ಎಡಕ್ಕೆ ತಿರುಗಿತು.

ನೀನು ಇಷ್ಟು ವರ್ಷ ಕೋಲು ಅಳೆಯುತ್ತಾ ಬಂದಿದ್ದೀಯ. ಎಷ್ಟು ವರ್ಷ ಆಯಿತು, ಎಷ್ಟು ರ‍್ಯಾಂಕ್ ಕೆಳಗೆ, ಇನ್ನೆಷ್ಟು ದೂರ. ಅಂಗೈ ಗೋಡೆಗೆ ಇಟ್ಟು ಎಲ್ಲಿ ಪಸೆ ಉಂಟು ಅಂತ ನೋಡಿದ್ದು ನಿನ್ನ ಪತ್ರದಲ್ಲಿ ಎಲ್ಲೂ ಕಾಣಲಿಲ್ಲ.

ಹೇಗೆ ನೋಡುವುದು ಅಂತ ಹೇಳುತ್ತೇನೆ. ಗೈಡ್ ತೆರೆಯಬೇಡ. ಕಳೆದ ಪರೀಕ್ಷೆಯ ಪ್ರಶ್ನೆಪತ್ರಿಕೆ ತೆಗೆ, ಪಿಎಸ್‌ಸಿ ಹೊರಡಿಸಿದ ಉತ್ತರಸೂಚಿ ಪಕ್ಕಕ್ಕೆ ಇಡು. ನೀನು ತಪ್ಪಿದ, ಬಿಟ್ಟ ಪ್ರಶ್ನೆಗಳನ್ನು ಮೂರು ಗುಂಪು ಮಾಡು. ಗೊತ್ತಿದ್ದೂ ಅವಸರದಲ್ಲಿ ತಪ್ಪಿದ್ದು. ಅರ್ಧ ಗೊತ್ತಿದ್ದದ್ದು. ಏನೇನೂ ಗೊತ್ತಿರದಿದ್ದದ್ದು. ಮೂರನೆಯ ಗುಂಪು ದೊಡ್ಡದಿದ್ದರೆ ಗಾಬರಿಯಾಗಬೇಡ, ಅದನ್ನು ಸದ್ಯಕ್ಕೆ ಪಕ್ಕಕ್ಕೆ ಇಡು. ಪಸೆ ಇರುವುದು ಎರಡನೆಯದರಲ್ಲಿ.

ಯಾಕೆ ಅಂತ ಗಣಿತ ಟೀಚರಾಗಿ ಹೇಳುತ್ತೇನೆ. ತಪ್ಪಿಗೆ ಮೂರರಲ್ಲೊಂದು ಅಂಕ ಕಳೆಯುತ್ತಾರೆ. ಕೊಟ್ಟ ಉತ್ತರ ನಾಲ್ಕು. ಕಣ್ಣು ಮುಚ್ಚಿ ಗುರುತು ಹಾಕಿದರೆ ಅಂಥ 12 ಪ್ರಶ್ನೆಯಲ್ಲಿ ಸರಾಸರಿ 3 ಸರಿ, 9 ತಪ್ಪು. ಬಂದ 3 ಅಂಕ ಕಳೆದ 3ಕ್ಕೆ ಸರಿಹೋಯಿತು, ಕೈಗೆ ಸೊನ್ನೆ. ನಾಲ್ಕರಲ್ಲಿ ಒಂದು ಖಂಡಿತ ಅಲ್ಲ ಅಂತ ಗೊತ್ತಿದ್ದರೆ 12ರಲ್ಲಿ ಸರಾಸರಿ 4 ಸರಿ, 8 ತಪ್ಪು, ಒಂದೂವರೆಗೆ ಹತ್ತಿರದ ಅಂಕ ಉಳಿಯುತ್ತದೆ. ಎರಡು ಅಲ್ಲ ಅಂತ ಗೊತ್ತಿದ್ದರೆ 6 ಸರಿ, 6 ತಪ್ಪು. 6ರಲ್ಲಿ 2 ಹೋಗಿ 4 ಅಂಕ ಉಳಿಯಿತು. ಹೊಸತಾಗಿ ಏನೂ ಪೂರ್ತಿ ಕಲಿಯದೆ, ಅರ್ಧ ಗೊತ್ತಿದ್ದದ್ದನ್ನು ಮುಕ್ಕಾಲು ಮಾಡಿಕೊಂಡರೆ ಸಿಗುವ ಅಂಕ ಇದು. ಲಿಸ್ಟಿನಲ್ಲಿ ಕೆಳಗೆ ಇರುವವರಿಗೂ ಮೇಲೆ ಇರುವವರಿಗೂ ನಡುವೆ ಅಂತರ ಎಷ್ಟು ಅಂಕದ್ದು ಅಂತ ನೀನೇ ನೋಡಿದ್ದೀಯ.

ನಿನ್ನ ಎರಡನೆಯ ಗುಂಪಿನಲ್ಲಿ ಏನಿರುತ್ತದೆ ಅಂತಲೂ ನನಗೆ ಅಂದಾಜಿದೆ. ಕೇರಳ ನವೋತ್ಥಾನ, ಅಂದರೆ ಅಲ್ಲಿಯ ಸಮಾಜ ಸುಧಾರಣೆಯ ಚರಿತ್ರೆ, ಅಲ್ವಾ? ನಮ್ಮ ಕನ್ನಡ ಮಕ್ಕಳಿಗೆಲ್ಲ ಅಲ್ಲೇ ಕಷ್ಟ. ಮಲಯಾಳದ ಮನೆಯ ಮಗುವಿಗೆ ಅಯ್ಯಂಕಾಳಿ, ಚಟ್ಟಂಬಿ ಸ್ವಾಮಿ ಅಂದರೆ ಅಜ್ಜನ ಬಾಯಲ್ಲಿ ಕೇಳಿದ ಹೆಸರು. ನಿನಗೆ ಅದು ಗೈಡಿನ ಸಾಲು. ಅದಕ್ಕೇ ನೆನಪು ನಿಲ್ಲುವುದಿಲ್ಲ. ನಿನಗೆ ಗೊತ್ತಿರುವುದಕ್ಕೆ ಅದನ್ನು ಕಟ್ಟು. ವೈಕಂ ಸತ್ಯಾಗ್ರಹ ಶುರುವಾದದ್ದು 1924ರಲ್ಲಿ. ಗಾಂಧೀಜಿ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷರಾದದ್ದೂ ಅದೇ ವರ್ಷ. ಬೆಳಗಾವಿ ನಿನಗೆ ಕನ್ನಡ ಪಾಠದಿಂದಲೇ ಗೊತ್ತು, ಇನ್ನು ವೈಕಂ ಮರೆಯುವುದಿಲ್ಲ. ನಾರಾಯಣ ಗುರುಗಳು ಅರುವಿಪ್ಪುರದಲ್ಲಿ ಶಿವಲಿಂಗ ಪ್ರತಿಷ್ಠೆ ಮಾಡಿದ್ದು 1888. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಹುಟ್ಟಿದ್ದು 1883. ಪ್ರತಿಷ್ಠೆಯ ಹೊತ್ತಿಗೆ ಅವರು ಐದರ ಹತ್ತಿರದ ಬಾಲಕ. ಹೀಗೆ ಕನ್ನಡದಲ್ಲಿ, ನಿನ್ನ ಕೈಬರಹದಲ್ಲಿ, ಹೊಸ ನೋಟ್ ಪುಸ್ತಕದಲ್ಲಿ ಬರಿ. ಹಳೇ ಗೈಡಿನ ಗೆರೆ ಎಳೆದ ಪುಟ ನಿನಗೆ ಸೋಲನ್ನೇ ನೆನಪಿಸುತ್ತಿದೆ. ಅದನ್ನು ಮುಚ್ಚಿಡುವುದರಲ್ಲಿ ತಪ್ಪೇನೂ ಇಲ್ಲ.

ಒಬ್ಬಳೇ ಓದಬೇಡ. ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿ ಹೇಳಿದ್ದನ್ನು ನೀನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀಯ. ಇಂದು ಇನ್ನೊಬ್ಬರ ನೆರವಿನಿಂದ ಮಾಡಲು ಬರುವುದು ನಾಳೆ ಮಗುವಿಗೆ ಒಂಟಿಯಾಗಿಯೂ ಬರುತ್ತದೆ ಅಂತ. ಅದು ನಿನಗೂ ಸಲ್ಲುತ್ತದೆ. ನಿನ್ನ ಶಾಲೆಯಲ್ಲೇ ಮಲಯಾಳ ಮಾಧ್ಯಮದ ಯಾರಾದರೂ ಪಿಎಸ್‌ಸಿಗೆ ಓದುತ್ತಿರುತ್ತಾರೆ. ಇಂಟರ್ವಲ್ ಹೊತ್ತಿನಲ್ಲಿ ಅವರು ನಿನಗೆ ನವೋತ್ಥಾನದ ಒಂದು ಪುಟ ಓದಿ ಹೇಳಲಿ, ನೀನು ಅವರಿಗೆ ಗಣಿತದ ಎರಡು ಲೆಕ್ಕ ಬಿಡಿಸಿ ಕೊಡು.

ಎರಡು ವಾರ ಇಷ್ಟೇ ಮಾಡು. ಆಮೇಲೆ ಇನ್ನೊಂದು ವರ್ಷದ ಹಳೇ ಪ್ರಶ್ನೆಪತ್ರಿಕೆ ಬಿಡಿಸಿ ಎರಡನೆಯ ಗುಂಪು ಎಷ್ಟು ಸಣ್ಣದಾಯಿತು ಅಂತ ನೋಡು. ಸಣ್ಣದಾಗಿದ್ದರೆ ಅದೇ ಪಸೆ. ಓದುವ ಮನಸ್ಸು ಬಂದ ಮೇಲೆ ಓದುತ್ತೇನೆ ಅಂತ ಕಾದರೆ ಅದು ಬರುವುದಿಲ್ಲ. ಗೋಡೆ ಒದ್ದೆ ಆಗಿದೆ ಅಂತ ಅಂಗೈಗೆ ಗೊತ್ತಾದ ಸಂಜೆ ಅದು ತಾನಾಗಿ ಬರುತ್ತದೆ.

ಸಣ್ಣದಾಗದಿದ್ದರೆ? ಅದನ್ನೂ ಹೇಳಬೇಕು. ಮುಂದಿನ ಪರೀಕ್ಷೆ ಬರೆದು, ಅದರ ಅಂಕ ನೋಡಿದ ದಿನವನ್ನು ತಿರುಗುವ ದಿನ ಅಂತ ಈಗಲೇ ಗೊತ್ತು ಮಾಡಿಕೊ. ಅಂಕ ಮೇಲೆ ಹೋಗಿರದಿದ್ದರೆ ಸುರಂಗ ತಿರುಗಿಸು. ಡಿಗ್ರಿ ಕನ್ನಡದಲ್ಲಾಗಿದ್ದರೆ ಹೈಸ್ಕೂಲ್ ಕನ್ನಡ ಟೀಚರ್ ಹುದ್ದೆ ಇದೆ. ಕೇಂದ್ರದ ಸಿ-ಟೆಟ್ ಇದೆ, ಅದರಲ್ಲಿ ಕನ್ನಡವನ್ನು ಭಾಷೆಯಾಗಿ ತೆಗೆದುಕೊಳ್ಳಬಹುದು. ಕ್ಲರ್ಕ್ ಪರೀಕ್ಷೆ ಇದೆ, ಸಾಮಾನ್ಯ ಜ್ಞಾನ ಹೇಗೂ ಓದಿಯಾಗಿದೆ. ಟೀಚರ್ ಹುದ್ದೆಗೆ ಪಿಎಸ್‌ಸಿಯ ವಯೋಮಿತಿ ಸಾಮಾನ್ಯವಾಗಿ 40, ಮೀಸಲಾತಿ ಇದ್ದವರಿಗೆ ಇನ್ನೂ ಜಾಸ್ತಿ. 28ಕ್ಕೆ ಬಾಗಿಲು ಮುಚ್ಚಿಲ್ಲ.

ದಿನಗೂಲಿ ಕೆಲಸದ ಬಗ್ಗೆ ನೀನು ಅರ್ಧ ಸಾಲು ಬರೆದಿದ್ದೀಯ, ಅದೂ ನಾಚಿಕೆಯಿಂದ. ಸುಮ್ನೆ ಸಮಾಧಾನ ಹೇಳುವುದಿಲ್ಲ. ಕೆಲಸ ಮಾಡಿದ ದಿನಕ್ಕೆ ಮಾತ್ರ ಸಂಬಳ, ಬೇಸಿಗೆ ರಜೆಯಲ್ಲಿ ಕೈ ಖಾಲಿ, ಮುಂದಿನ ಜೂನ್‌ಗೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಕಾಯಂ ಹುದ್ದೆ ಬೇಕು ಅನ್ನುವ ನಿನ್ನ ಆಸೆ ಪೂರ್ತಿ ನ್ಯಾಯದ್ದು. ಆದರೆ ಬೆಳಿಗ್ಗೆ ನೀನು ಕಾಲಿಟ್ಟ ಕೂಡಲೇ 'ಟೀಚರ್' ಅಂತ ಓಡಿ ಬರುವ ಮಕ್ಕಳಿಗೆ ನಿನ್ನ ಹಾಜರಿ ಯಾವ ರಿಜಿಸ್ಟರಿನಲ್ಲಿದೆ ಅಂತ ಗೊತ್ತಿಲ್ಲ. ಕನ್ನಡ ಡಿವಿಷನ್ ಉಳಿಯುವುದು ಆ ಮಕ್ಕಳು ಮುಂದಿನ ವರ್ಷವೂ ಅಲ್ಲೇ ಬಂದರೆ. ನೀನು ಚೆನ್ನಾಗಿ ಕಲಿಸಿದ ಒಂದು ಮಗು ತಮ್ಮನನ್ನೂ ಅದೇ ಶಾಲೆಗೆ ಕರೆತಂದರೆ ಆರನೇ ದಿನದ ಎಣಿಕೆಗೆ ಒಂದು ತಲೆ ಜಾಸ್ತಿ. ಆ ಲೆಕ್ಕದಲ್ಲಿ ನಿನ್ನ ಕೈಯೂ ಸ್ವಲ್ಪ ಇದೆ.

ಪ್ರಶ್ನೆ: ಟೀಚರಿಗೆ ನಮಸ್ಕಾರ. ಉಪ್ಪಳದಲ್ಲಿ ನನ್ನದು ಅಂಗಡಿ. ವಯಸ್ಸು 46. ಶುಗರ್ ಗಡಿಯಲ್ಲಿದೆ, ತೂಕ ಇಳಿಸಿ ಅಂತ ಡಾಕ್ಟ್ರು ಹೇಳಿದರು. 88 ಕೆ.ಜಿ. ಇದ್ದೆ. ಆರು ತಿಂಗಳಲ್ಲಿ 70ಕ್ಕೆ ಬರುತ್ತೇನೆ ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. 83ಕ್ಕೆ ಬಂದು ನಿಂತಿತು. ಮಳೆಗಾಲ ಶುರುವಾದ ಮೇಲೆ ನಡೆಯುವುದೂ ನಿಂತಿತು. ಈಗ ದಿನಾ ಯಾರಾದರೂ ಒಬ್ಬರು, 'ಎಂಥ ಮಾರಾಯ್ರೆ, 70 ಆಯಿತಾ?' ಅಂತ ಕೇಳುತ್ತಾರೆ. ಬೇಡವೇ ಬೇಡ ಅನ್ನಿಸಿಬಿಟ್ಟಿದೆ.

ಉತ್ತರ: 70 ಅಂತ ಡಾಕ್ಟ್ರು ಹೇಳಿದ್ದಾ, ನೀವೇ ಹೇಳಿಕೊಂಡದ್ದಾ? ಪತ್ರ ಓದಿದರೆ ನೀವೇ ಹೇಳಿಕೊಂಡ ಹಾಗೆ ಕಾಣುತ್ತದೆ. ಹಾಗಿದ್ದರೆ ಒಂದು ಒಳ್ಳೆಯ ಸುದ್ದಿ ಹೇಳುತ್ತೇನೆ.

ಶುಗರ್ ಗಡಿಯಲ್ಲಿದ್ದವರ ಮೇಲೆ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. 3,234 ಜನ. 2002ರಲ್ಲಿ ಅದರ ಫಲಿತಾಂಶ ಬಂತು. ಅದರಲ್ಲಿ ಒಂದು ಗುಂಪಿಗೆ ಕೊಟ್ಟ ಗುರಿ ಇಷ್ಟೇ: ಇದ್ದ ತೂಕದಲ್ಲಿ ಶೇ. 7 ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು. ಔಷಧಿ ಇಲ್ಲದ ಹುಸಿ ಮಾತ್ರೆ ಮತ್ತು ಸಾಮಾನ್ಯ ಸಲಹೆ ಮಾತ್ರ ಪಡೆದವರ ಜತೆ ಹೋಲಿಸಿದರೆ ಈ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬಂದವರು ಶೇ. 58 ಕಮ್ಮಿ. ಇನ್ನೊಂದು ವಿಷಯ, 24 ವಾರದ ಹೊತ್ತಿಗೆ ಆ ಶೇ. 7ನ್ನು ಮುಟ್ಟಿದವರು ಅರ್ಧದಷ್ಟು ಜನ ಮಾತ್ರ. ಒಬ್ಬೊಬ್ಬರಿಗೆ ಹೇಳಿಕೊಡುವವರು ಇದ್ದರು, ಆದರೂ ಅರ್ಧ.

ನಿಮ್ಮ 88ರಲ್ಲಿ ಶೇ. 7 ಅಂದರೆ 6 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ನೀವು 5 ಇಳಿಸಿಯಾಗಿದೆ. ಬಾಕಿ ಇರುವುದು 1 ಕೆ.ಜಿ. 200 ಗ್ರಾಂ ಆಸುಪಾಸು. 13 ಕೆ.ಜಿ. ಸೋತೆ ಅಂತ ಕೂತವರು, ಅಸಲಿಗೆ ಒಂದೂಕಾಲು ಕೆ.ಜಿ. ದೂರದಲ್ಲಿ ನಿಂತಿದ್ದೀರಿ. ಮೊದಲು ಡಾಕ್ಟ್ರ ಹತ್ತಿರ ಹೋಗಿ ಎಚ್‌ಬಿಎ1ಸಿ ಮಾಡಿಸಿ, ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ ಅದು. 5.7ರಿಂದ 6.4ರ ನಡುವೆ ಇದ್ದರೆ ಅದನ್ನು ಗಡಿ ಅನ್ನುತ್ತಾರೆ. ಹಿಂದಿನ ರಿಪೋರ್ಟ್ ಜತೆ ಇಟ್ಟು ನೋಡಿ. ನಿಮಗೆ ಬೇಕಾದ ಸಂಖ್ಯೆ ಅದು. ತಕ್ಕಡಿಯದ್ದು ಎರಡನೆಯದು.

ಮಳೆಗಾಲದ ಬಗ್ಗೆ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆರು ತಿಂಗಳ ಯೋಜನೆ ಹಾಕುವಾಗ ಇಲ್ಲಿಯ ಮನುಷ್ಯ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಹೈವೇ ಬದಿಯಲ್ಲಿ ಕೊಡೆ ಹಿಡಿದು ನಡೆಯುವುದು ಅಪಾಯ, ಅದನ್ನು ನಾನು ಹೇಳುವುದಿಲ್ಲ. ಮನೆಯ ಚಾವಡಿ ಇದೆ, ಶೀಟ್ ಹಾಕಿದ ಟೆರೇಸ್ ಇದ್ದರೆ ಇನ್ನೂ ಒಳ್ಳೆಯದು. ಅರ್ಧ ಗಂಟೆ, ವಾರಕ್ಕೆ ಐದು ದಿನ, 150 ನಿಮಿಷ ಆಯಿತು. ಬೆಳಿಗ್ಗೆ ಹತ್ತು, ಅಂಗಡಿ ಮುಚ್ಚಿ ಬಂದ ಮೇಲೆ ಇಪ್ಪತ್ತು ಅಂತ ಭಾಗ ಮಾಡಿದರೂ ನಡೆಯುತ್ತದೆ.

'70 ಆಯಿತಾ' ಅಂತ ಕೇಳುವವರಿಗೆ, 'ಗುರಿ ಈಗ 82' ಅಂತ ಹೇಳಿ. ಅವರು ನಗಲಿ. ಶುಗರ್ ಇರುವುದು ನಿಮ್ಮ ಮೈಯಲ್ಲಿ.

ಪ್ರಶ್ನೆ: ಪ್ಲಸ್ ಟು ವಿದ್ಯಾರ್ಥಿ. ಮೋಟಿವೇಷನ್ ವೀಡಿಯೋ ನೋಡಿದ ದಿನ ರಾತ್ರಿ ಎರಡು ಗಂಟೆವರೆಗೆ ಓದಬೇಕು ಅನ್ನಿಸುತ್ತದೆ. ಮರುದಿನ ಏನೂ ಇಲ್ಲ. ಹುರುಪು ಉಳಿಸಿಕೊಳ್ಳುವುದು ಹೇಗೆ?
— ಹೊಸಂಗಡಿ

ಉತ್ತರ: ಹುರುಪನ್ನು ಉಳಿಸಿಕೊಳ್ಳಲು ಹೋಗಬೇಡ ಮಗಾ. ಅದು ಬೇಡದ ಹಾಗೆ ಕೆಲಸ ಕಟ್ಟು. ಜರ್ಮನಿಯ ಪೀಟರ್ ಗೋಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 'ಚೆನ್ನಾಗಿ ಓದುತ್ತೇನೆ' ಅಂದುಕೊಂಡವರಿಗಿಂತ, 'ಇದು ಆದ ಕೂಡಲೇ, ಇಲ್ಲಿ, ಇದನ್ನು ಮಾಡುತ್ತೇನೆ' ಅಂತ ಮೊದಲೇ ಗೊತ್ತು ಮಾಡಿಕೊಂಡವರು ಕೆಲಸ ಮುಗಿಸುವುದು ಜಾಸ್ತಿ ಅಂತ ಅವರು ತೋರಿಸಿದರು. ಸಂಜೆ ಚಹಾ ಕುಡಿದ ಲೋಟ ತೊಳೆದಿಟ್ಟ ಕೂಡಲೇ, ಜಗಲಿಯ ಮೇಜಿನಲ್ಲಿ, ಫಿಸಿಕ್ಸಿನ ಒಂದು ಲೆಕ್ಕ. ಒಂದೇ. ಆಮೇಲೆ ಎರಡನೆಯದು ಮಾಡಿದರೆ ಸರಿ, ಮಾಡದಿದ್ದರೂ ಸರಿ. ಲೆಕ್ಕ ಮುಗಿಯುವವರೆಗೆ ಮೊಬೈಲ್ ಅಮ್ಮನ ಹತ್ತಿರ ಇರಲಿ. ರಾತ್ರಿ ಎರಡು ಗಂಟೆಯ ಆಸೆ ಪೂರ್ತಿ ಬಿಡು. ನಿನ್ನ ವಯಸ್ಸಿಗೆ ಎಂಟು ಗಂಟೆ ನಿದ್ದೆ ಬೇಕು.

ಪ್ರಶ್ನೆ: ನಿವೃತ್ತನಾದ ಮೇಲೆ ಮದ್ದಳೆ ಕಲಿಯಲು ಸೇರಿದೆ. ಈಗ 61. ಒಂದು ವರ್ಷದಲ್ಲಿ ನಮ್ಮೂರ ತಾಳಮದ್ದಳೆಯಲ್ಲಿ ನುಡಿಸಬೇಕು ಅಂತ ಆಸೆ ಇತ್ತು. ಜತೆಗೆ ಸೇರಿದ ಮಕ್ಕಳು ಮುಂದೆ ಹೋದರು. ನನ್ನ ಬೆರಳಿಗೆ ಛಾಪು ಇನ್ನೂ ಸರಿಯಾಗಿ ಬರುವುದಿಲ್ಲ. ಗುರುಗಳು ಏನೂ ಹೇಳುವುದಿಲ್ಲ, ಅದೇ ಬೇಸರ. ಬಿಡಲೇ?
— ಮುಳ್ಳೇರಿಯ

ಉತ್ತರ: ಬಿಡಬೇಡಿ ಅಂತ ಹೇಳುವ ಮೊದಲು ಒಂದು ಪ್ರಶ್ನೆ. ಕ್ಲಾಸಿಗೆ ಹೋಗುವ ದಿನ ಬೆಳಿಗ್ಗೆ ಎದ್ದಾಗ ಖುಷಿ ಇರುತ್ತದಾ? ಇರದಿದ್ದರೆ ಬಿಡಿ, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಪತ್ರದಲ್ಲಿ ಛಾಪಿನ ಬಗ್ಗೆ ಬರೆದ ರೀತಿ ನೋಡಿದರೆ ಖುಷಿ ಉಂಟು ಅಂತ ನನಗೆ ಅನಿಸುತ್ತದೆ.

ಹನ್ನೆರಡು ವರ್ಷದ ಮಗುವಿನ ಬೆರಳು ಬೇರೆ, ನಿಮ್ಮದು ಬೇರೆ. ಆದರೆ ನಿಮ್ಮ ಕಿವಿ ಆ ಮಗುವಿಗೆ ಇಲ್ಲ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು ಕುಂಬಳೆ. ಆ ಸೀಮೆಯಲ್ಲಿ ಹುಟ್ಟಿ ಬೆಳೆದವರು ನೀವು, ಇಷ್ಟು ವರ್ಷ ರಾತ್ರಿಯಿಡೀ ಆಟ ನೋಡಿದ್ದೀರಿ, ಕೂಟ ಕೇಳಿದ್ದೀರಿ. ಛಾಪು ಸರಿ ಬೀಳಲಿಲ್ಲ ಅಂತ ನಿಮಗೆ ಗೊತ್ತಾಗುವುದೇ ಆ ಕಿವಿಯಿಂದ. ಕಿವಿ ಮುಂದೆ, ಕೈ ಹಿಂದೆ. ತಡವಾಗಿ ಕಲಿಯುವವರಿಗೆಲ್ಲ ಹಾಗೇ ಆಗುತ್ತದೆ. ಅದರಿಂದಲೇ ಬೇಸರವೂ ಜಾಸ್ತಿ.

ಇವತ್ತು ಏಕತಾಳವನ್ನು ವಿಳಂಬದಲ್ಲಿ ನುಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕೇಳಬೇಡಿ, ಹಾಗೇ ಇಡಿ. ಒಂದು ತಿಂಗಳು ಕಳೆದು ಅದನ್ನೇ ಇನ್ನೊಮ್ಮೆ ನುಡಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಕೇಳಿ. ಮಕ್ಕಳ ಜತೆ ಹೋಲಿಸಿಕೊಂಡರೆ ಕಾಣದ್ದು ಅಲ್ಲಿ ಕೇಳಿಸುತ್ತದೆ. ಗುರುಗಳು ಏನೂ ಹೇಳದಿದ್ದರೆ ನೀವೇ ಕೇಳಿ. ಹಿರಿಯ ಶಿಷ್ಯರಿಗೆ ತಪ್ಪು ತೋರಿಸಲು ಅವರಿಗೆ ಸಂಕೋಚ ಇರಬಹುದು. 'ನನ್ನ ಬಲಗೈ ನೋಡಿ ಒಂದು ತಪ್ಪು ಹೇಳಿ' ಅಂದರೆ ಖಂಡಿತ ಹೇಳುತ್ತಾರೆ. ಇಡೀ ಪ್ರಸಂಗಕ್ಕೆ ಕೂರುವ ಯೋಚನೆ ಈಗ ಬೇಡ. ಊರ ಭಜನಾ ಮಂದಿರದಲ್ಲಿ ಕೂಟ ಇಟ್ಟಾಗ ಶುರುವಿನ ಒಂದೆರಡು ಪದಕ್ಕೆ ಕೂರಲು ಅವಕಾಶ ಕೇಳಿ. ಭಾಗವತರಿಗೂ ಮೊದಲೇ ಹೇಳಿಡಿ, ಕಾಲ ತುಸು ಹಿಡಿದು ಹಾಡುತ್ತಾರೆ.

ಯಾವ ಪ್ರಸಂಗ, ಯಾವ ಪದಕ್ಕೆ ನುಡಿಸಿದಿರಿ ಅಂತ ಮರೆಯದೆ ಬರೆಯಿರಿ.